ಕಾಟುಮಾವಿನ ಕೊಂಬೆಗೆ ಕಟ್ಟಿದ ತಗಡಿನ ಡಬ್ಬಿ

ಬೊಂಬಾಯಿಗೆ ಈ ಸಲ ತಿರುಗಿ ಹೋಗದ ಅಪ್ಪಯ್ಯನಿಗೆ,

ನೀವು ಊರಿಗೆ ಬಂದ ದಿನ ಜಡಿಮಳೆ. ಎಣ್ಣೆ ಗೋದಾಮಿನಲ್ಲಿ ನಿಮ್ಮ ಪಕ್ಕದಲ್ಲೇ ಡಬ್ಬಿ ತುಂಬುತ್ತಿದ್ದ ವಂಡ್ಸೆಯ ಶೀನಣ್ಣ ಬಸ್ಸಿಳಿದು ಬಂದು, ತೊಪ್ಪೆಯಾಗಿ ಅಂಗಳದಲ್ಲೇ ನಿಂತುಬಿಟ್ಟ. ದಮ್ಮು ಹೆಚ್ಚಾಗಿ ನೀವು ತೀರಿಕೊಂಡ ತಂತಿ ಮೊದಲೇ ಬಂದಿತ್ತು. ನಿಮ್ಮ ಅಸ್ಥಿ ಎಣ್ಣೆಯ ಡಬ್ಬಿಯಲ್ಲಿ ಬರುತ್ತದೆಂದು ಮಾತ್ರ ನಮಗೆ ಹೊಳೆದಿರಲಿಲ್ಲ. “ದಾರಿಯಂಗೆ ಚೆಲ್ಬಾರ್ದ್ ಅಂದೇಳಿ ನಾನೇ ಬೆಸುಗಿ ಹಾಕ್ದೆ” ಎಂದ ಶೀನಣ್ಣ, ತಲೆ ತಗ್ಗಿಸಿ. ಪಾಪ, ಅವನಿಗೆ ಗೊತ್ತಿದ್ದ ಉಪಚಾರ ಅದೊಂದೇ.

ನೀವು ರಜೆಯಲ್ಲಿ ಬಂದಾಗಲೆಲ್ಲ ಅಡುಗೆಮನೆಗೆ ನುಗ್ಗಿ ಉಪದೇಶ ಮಾಡುತ್ತಿದ್ದದ್ದು ನೆನಪಿದೆಯಾ? “ಎಣ್ಣಿಗ್ ತಗಡ್. ಬೆಳ್ಕ್ ಒಳ್ಗ್ ಹೋತಿಲ್ಲೆ, ಬಿದ್ರೂ ಒಡಿತಿಲ್ಲೆ. ಮಾವಿನ್ ಮಿಡಿಗ್ ಭರಣಿ. ಉಪ್ಪು ಹುಳಿ ಸೇರ್‍ರೆ ತಗಡನ್ನೇ ತಿಂತ್ ಮಾರಾಯ. ಅಕ್ಕಿಗ್ ಹುಲ್ಲಿನ ಮುಡಿ, ಅದ್ಕ್ ಉಸ್ರ್ ಬೇಕ್.” ಹೀಗೆ ಹೇಳುತ್ತ ಬೆರಳು ಮಡಿಸಿ ಒಂದೊಂದನ್ನೂ ಟೊಕ್ ಟೊಕ್ ಎಂದು ತಟ್ಟಿ, ಕಿವಿಗೊಟ್ಟು, “ತುಂಬಿತ್ತ್” ಎನ್ನುವುದು. ಅಬ್ಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ವರ್ಷವಿಡೀ ಆ ಮನೆಯಲ್ಲಿ ಅಡುಗೆ ಮಾಡುವ ಹೆಂಡತಿಗೆ, ತಿಂಗಳ ಅತಿಥಿಯ ಪಾಠ.

ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲವಲ್ಲ, ಹಿತ್ತಿಲ ಕಾಟುಮಾವಿನ ಕೊಂಬೆಗೆ ನಾನೇ ಕಟ್ಟಿದೆ. ಹೊಳೆ ಕಡಲು ಸೇರುವ ಕೋಡಿಯ ಅಳಿವೆ ಶಾಂತವಾದ ಕೂಡಲೇ ಅಲ್ಲಿಗೆ ಒಯ್ದು ನೀರಿಗೆ ಬಿಡುವುದೆಂದು ಮಾತಾಗಿತ್ತು. ಮಳೆ ಬಿಟ್ಟು ಹೊಳವಾಯಿತು, ದೋಣಿಗಳು ಇಳಿದವು. ಅಬ್ಬಿ ಮಾತ್ರ ನಾಳೆ ನೋಡುವ, ನಾಡಿದ್ದು ನೋಡುವ ಎನ್ನುತ್ತಲೇ ಇದ್ದಳು. ನಾನು ಗಟ್ಟಿಯಾಗಿ ಕೇಳಿದ ದಿನ ಹೇಳಿದಳು: “ಮದುವಿ ಆದಾಗಿಂದ ಅವ್ರ್ ಇಷ್ಟ್ ದಿನ ನನ್ ಹತ್ರ ಇದ್ದದ್ದೇ ಇಲ್ಲೆ. ಇರ್ಲಿ ಮಗಾ. ಕಡ್ಲ್ ಎಂತ ಓಡಿ ಹೋತ್ತಾ?” ಇದಕ್ಕೆ ನೀವಾದರೂ ಏನು ಹೇಳುತ್ತಿದ್ದಿರಿ?

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಗಾಳಿಗೆ ಡಬ್ಬಿ ಮರಕ್ಕೆ ತಾಗಿ ಟೊಕ್ ಟೊಕ್ ಎಂದಿತು. ಥೇಟ್ ನಿಮ್ಮ ಬೆರಳಿನ ಸದ್ದು. ಬಡಿಸುತ್ತಿದ್ದ ಅಬ್ಬಿ ಸೌಟು ಕೆಳಗಿಟ್ಟು, “ಬಂದೆ” ಎಂದು ಹಿತ್ತಿಲಿಗೆ ನಡೆದಳು. ಆಮೇಲೆ ಗಾಳಿ ಬೀಸಿದಾಗಲೆಲ್ಲ ಅದೇ ಆಯಿತು. ಮರದ ಬುಡದಲ್ಲಿ ಕೂತರೆ ಏಳುವ ಮಾತಿಲ್ಲ, ಅನ್ನ ನೀರಿನ ಗೊಡವೆಯಿಲ್ಲ. ನನಗೆ ನಿಜಕ್ಕೂ ಭಯವಾಯಿತು ಅಪ್ಪಯ್ಯ. ನೀವು ಅವಳನ್ನೂ ಕರೆಯುತ್ತಿದ್ದೀರೋ ಏನೋ, ಹೀಗೇ ಆದರೆ ಅವಳೂ ನಿಮ್ಮ ಹಿಂದೆಯೇ...

ಉಪ್ಪುಗಾಳಿಗೆ ತಗಡು ಎಷ್ಟು ದಿನ ನಿಂತೀತು? ಬೆಸುಗೆಯ ಅಂಚಿನಿಂದ ತುಕ್ಕಿನ ಕೆಂಪು ನೀರು ಇಳಿಯತೊಡಗಿತು. ಇದೇ ಸಮಯವೆಂದು ಅಬ್ಬಿಗೆ ತೋರಿಸಿದೆ. ಅವಳು ಸೀದಾ ಒಳಗೆ ಹೋಗಿ, ಉಳಿದ ಮಿಡಿಯನ್ನು ಸಣ್ಣದೊಂದು ಭರಣಿಗೆ ತೋಡಿ, ದೊಡ್ಡ ಭರಣಿಯನ್ನು ತೊಳೆದು ಬಿಸಿಲಿಗಿಟ್ಟಳು. “ಭರಣಿಗ್ ಎಂತದೂ ಆತಿಲ್ಲೆ. ಅವ್ರೇ ಹೇಳದ್ದಲ್ದಾ?” ಎಂದಳು. ಅದರೊಳಗೆ ಹೋದರೆ ನೀವು ನಮ್ಮೆಲ್ಲರ ಕಾಲಕ್ಕೂ ಅಲ್ಲೇ.

ಸಂಜೆ ಒಣಗಿದ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಮುಚ್ಚಳ ಹಾಕುವುದು, ತೆಗೆಯುವುದು. “ಇದ್ರೊಳ್ಗ್ ಗಾಳಿ ಆಡುದಿಲ್ಲೆ ಮಗಾ” ಎಂದಳು. “ದಮ್ಮಿನ್ ಮನ್ಶ. ಉಸ್ರ್ ಸಿಕ್ದೇ ಹೋದ್ರ್. ಈಗ ನಾನೂ ಅವ್ರ್ ಉಸ್ರ್ ಕಟ್ಸುದಾ?” ತಂತಿ ಬಂದ ದಿನವೂ ಅಳದಿದ್ದವಳು ಆಗ ಅತ್ತಳು. ಅತ್ತು ಮುಗಿಸಿ, “ಗುಲ್ವಾಡಿ ಕುಂಬಾರ್ರಿಂದ ಒಂದ್ ಹಸಿ ಮಡ್ಕಿ ತಕಂಡ್ ಬಾ. ಸುಟ್ಟದ್ದ್ ಬ್ಯಾಡ, ನೀರೊಳ್ಗ್ ಕರ್ಗುದ್ ಬೇಕ್” ಎಂದಳು.

ಶೀನಣ್ಣನ ಬೆಸುಗೆ ಬಿಡಿಸಲು ನನಗೆ ಬೆವರಿಳಿಯಿತು, ನಿಮ್ಮ ಜೊತೆಗಾರ ಕೆಲಸದಲ್ಲಿ ಮೋಸ ಮಾಡುವವನಲ್ಲ. ಕೋಡಿಯ ಅಳಿವೆಯಲ್ಲಿ ದೋಣಿಯಿಂದ ಅಸ್ಥಿ ತುಂಬಿದ ಮಡಕೆಯನ್ನು ನೀರಿಗಿಳಿಸಿದೆ. ಅದು ಮುಳುಗಿದ ಜಾಗದಲ್ಲಿ ಗುಳ್ಳೆಗಳು ಎದ್ದವು. ದಡದಲ್ಲಿ ನಿಂತಿದ್ದ ಅಬ್ಬಿಗೆ ಹೇಳಿದಾಗ, “ಹೌದಾ, ಉಸ್ರ್ ಬಿಟ್ರಾ?” ಎಂದಷ್ಟೇ ಕೇಳಿದಳು.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಈ ವರ್ಷ ಕಾಟುಮಾವು ಕೊಂಬೆ ಬಾಗುವಷ್ಟು ಮಿಡಿ ಬಿಟ್ಟಿತು. ಆ ಮರದ್ದು ಬೇಡವೆಂದು ನೆರೆಯವರು ಹೇಳಿದರು. ಅಬ್ಬಿ ಕೇಳಲಿಲ್ಲ. ಅದೇ ದೊಡ್ಡ ಭರಣಿಗೆ ಉಪ್ಪು, ಮಿಡಿ ತುಂಬಿಸಿ ಬಾಯಿಗೆ ಬಟ್ಟೆ ಕಟ್ಟಿದಳು. ನಾನು ಜಗಲಿಯಲ್ಲಿದ್ದೆ. ಟೊಕ್ ಟೊಕ್ ಎಂದು ಕೇಳಿಸಿತು. ಥಟ್ಟನೆ ಮರದತ್ತ ನೋಡಿದೆ. ಕೊಂಬೆ ಖಾಲಿ, ಎಲೆ ಸಹ ಅಲುಗುತ್ತಿಲ್ಲ. ಒಳಗೆ ಇಣುಕಿದರೆ ಅಬ್ಬಿ ಬೆರಳು ಮಡಿಸಿ ಭರಣಿಯನ್ನು ತಟ್ಟುತ್ತ, ಕಿವಿಗೊಟ್ಟು ಕೂತಿದ್ದಳು.

“ತುಂಬಿತ್ತ್” ಎಂದಳು. ಆಮೇಲೆ ಎದ್ದು ಬಂದು, ನನ್ನ ಜೊತೆ ಊಟಕ್ಕೆ ಕೂತಳು.

ನಿಮ್ಮ ಮಗ