ಉಪವಾಸಕ್ಕೆ ಹಣ್ಣು ನಡೆಯುತ್ತದೆ

ಹತ್ತರಗಿ
ಮೇ ೧೯

ಗೆಳತಿ ಸುಜಾತಾ,

ಮೂವತ್ತು ವರ್ಷದ ಮೇಲೆ ಮೊನ್ನೆ ನೀನು ನಮ್ಮ ಅಂಗಳಕ್ಕೆ ಬಂದೆ. ನಾನೇ ಬೆಳೆಸಿದ ಆಪೂಸು, ಕೇಸರ್, ಗಿಣಿಮೂತಿ ಮಾವು ಕೊಯ್ದು ತಟ್ಟೆಯಲ್ಲಿಟ್ಟರೆ, "ಇವತ್ತ ನಂದು ಉಪವಾಸ ಐತಿ" ಎಂದೆ. ಉಪವಾಸಕ್ಕೆ ಹಣ್ಣು ನಡೆಯುತ್ತದೆ, ಸುಜಾತಾ. ನಿನಗೆ ನಡೆಯದ್ದು ದಲಿತರ ತಟ್ಟೆ.

ಕುಲಗೋಡದಲ್ಲಿ ನಾವು ಸಣ್ಣವರಿದ್ದಾಗ ನಿಮ್ಮವ್ವ ನನ್ನ ಉಡಿಗೆ ಮೇಲಿನಿಂದ ಹಣ್ಣು ಎಸೆಯುತ್ತಿದ್ದಳು. ನೀನೋ ಅರ್ಧ ಕಚ್ಚಿ, "ಲಗೂನ ತಿನ್ನ ಹುಚ್ಚಿ, ಅವ್ವ ಬರ್ತಾಳ" ಎಂದು ನನ್ನ ಬಾಯಿಗೇ ಇಡುತ್ತಿದ್ದೆ. ಅದಕ್ಕಾಗಿ ನೀನು ಏಟೂ ತಿಂದೆ. ನಾನು ಇಷ್ಟು ತಳಿ ಬೆಳೆಸಿದೆ. ಯಾವ ಹಣ್ಣಿನಲ್ಲೂ ನಿನ್ನ ಹಲ್ಲಿನ ಗುರುತಿಲ್ಲ.

ಮನೆಯವರ ಹೆದರಿಕೆಯಿದ್ದರೆ ಹೆದರಿಕೆ ಎಂದೇ ಹೇಳು, ಕೇಳುತ್ತೇನೆ. ಗಿಡದಲ್ಲಿ ಆಪೂಸು ಇನ್ನು ಎಂಟು ದಿನ ಇರುತ್ತವೆ. ಹಸಿದು ಬಾ.

ದಾರಿ ನೋಡುತ್ತಿರುವ
ಉದ್ದವ್ವ