ದೊಡ್ಡ ಮೀನಿನ ತುಂಡು

ಬುಧವಾರ ಸಂಜೆ
ಶಾಲೆಯ ಪ್ರಯೋಗಶಾಲೆಯಿಂದ

ನನ್ನ ಚಿನಕುರುಳಿ ತಂಗೀ,

ಈ ಪತ್ರ ಕೈಗೆ ಸಿಕ್ಕ ಕೂಡಲೇ ಓದು. ಆದರೆ ಒಬ್ಬಳೇ ಕೂತು ಓದು. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ನಿಮ್ಮ ಮನೆಯಲ್ಲಿ ಫೋನ್ ಬಡಿದುಕೊಂಡರೆ ಅತ್ತೆ, ಮಾವ, ಮೈದುನ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಮೀನು ಹಿಡಿದು, ಮೀನು ಮಾರಿ ಬದುಕುವ ಮನೆಯಲ್ಲಿ ನಿಮ್ಮ ಮೀನಿನ ಮೇಲೇ ನನಗೆ ಅನುಮಾನ ಅಂತ ಹೇಳಿದರೆ ಆಮೇಲೆ ನಿನ್ನ ಪಾಡು ಯಾರಿಗೂ ಬೇಡ. ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನಗಬೇಡ, ಅವಸರದಲ್ಲಿ ಗೀಚುತ್ತಿದ್ದೇನೆ.

ಹೋದ ಪತ್ರದಲ್ಲಿ ನಿಮ್ಮ ಮನೆಯ ಬೆಕ್ಕಿನ ಸಮಾಚಾರ ಬರೆದಿದ್ದೆಯಲ್ಲ, ಕುಡಿದವರ ಹಾಗೆ ತೂರಾಡುತ್ತೆ, ಗೋಡೆಗೆ ಹೋಗಿ ಡಿಕ್ಕಿ ಹೊಡೆಯುತ್ತೆ, ನೋಡಿ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು ಅಂತ. ನಾನೂ ನಕ್ಕೆ. ಸ್ಟಾಫ್ ರೂಮಿನಲ್ಲಿ ಓದಿ ಹೇಳಿ ಗಣಿತದ ಮೇಷ್ಟ್ರನ್ನೂ ನಗಿಸಿದೆ. ಅದರ ಮೇಲೆ ಮತ್ತೆ ಯೋಚನೆ ಮಾಡಲೇ ಇಲ್ಲ.

ಇವತ್ತು ಒಂಬತ್ತನೇ ತರಗತಿಗೆ ಆಹಾರ ಸರಪಳಿ ಪಾಠ. ಪುಸ್ತಕ ಓದಿಸಿದರೆ ಮಕ್ಕಳು ಆಕಳಿಸುತ್ತಾರೆಂದು ಮಣಿಗಳ ಆಟ ಆಡಿಸಿದೆ. ನೆಲದ ತುಂಬ ಬಿಳಿ ಮಣಿ ಚೆಲ್ಲಿ, ನಡುನಡುವೆ ಒಂದೊಂದು ಕೆಂಪು ಮಣಿ ಹಾಕಿದೆ. ನೆಲವೇ ಕೆರೆ. ಬಿಳಿಯದು ಆಹಾರ, ಕೆಂಪು ವಿಷ. ಕೆಲವರು ಪಾಚಿಯಾದರು, ಕೆಲವರು ನೀರಿನ ಹುಳುಗಳಾದರು, ಕೆಲವರು ಸಣ್ಣ ಮೀನಾದರು. ಒಬ್ಬಳೇ ದೊಡ್ಡ ಮೀನು. ಒಬ್ಬರನ್ನೊಬ್ಬರು ಹಿಡಿದು ಮಣಿ ಕಿತ್ತುಕೊಳ್ಳುತ್ತಾ ಹೋದರು. ಬಿಳಿ ಮಣಿ ಓಡಾಟಕ್ಕೆ, ಉಸಿರಾಟಕ್ಕೆ ಖರ್ಚಾಗಿಬಿಡುತ್ತದೆ, ಅದನ್ನು ನನಗೆ ವಾಪಸ್ಸು ಕೊಡಬೇಕು. ಕೆಂಪು ಖರ್ಚಾಗುವುದಿಲ್ಲ, ಮೈಯಲ್ಲೇ ಉಳಿಯುತ್ತದೆ. ಆಟದ ನಿಯಮ ಇಷ್ಟೇ. ಪಾಚಿಯ ಹತ್ತಿರ ಕೆಂಪು ಹುಡುಕಿದರೂ ಸಿಗುತ್ತಿರಲಿಲ್ಲ. ದೊಡ್ಡ ಮೀನಾದ ಹುಡುಗಿಯ ಬೊಗಸೆ ತುಂಬಿ ನೆಲಕ್ಕೆ ಸುರಿಯುತ್ತಿತ್ತು. ಈಗ ಇವಳನ್ನು ಯಾರು ತಿಂತಾರೆ ಅಂತ ಕೇಳಿದೆ. ಬೆಕ್ಕು ಮೇಡಂ, ಬೆಕ್ಕು ಅಂತ ಇಡೀ ತರಗತಿ ಕೂಗಿತು.

ನನಗೆ ನಿಮ್ಮ ಮನೆಯ ಬೆಕ್ಕು ನೆನಪಾಯಿತು ಕಣೇ. ಮೇಜು ಹಿಡಿದುಕೊಂಡು ನಿಂತೆ. ಮಕ್ಕಳು ಏನಾಯ್ತು ಮೇಡಂ, ನೀರು ತರೋದಾ ಅನ್ನುತ್ತಿದ್ದರು.

ನಿಮ್ಮವರು ಮೀನು ಹಿಡಿಯುವ ಜಲಾಶಯದ ಮೇಲ್ಗಡೆ ಇರುವ ಆ ರಾಸಾಯನಿಕ ಕಾರ್ಖಾನೆಗೆ ನಿನ್ನ ಭಾವ ಮೊದಲು ಲಾರಿ ಓಡಿಸುತ್ತಿದ್ದರಲ್ಲ, ಅಲ್ಲಿ ಪಾದರಸ ಬಳಸುತ್ತಾರೆ ಅಂತ ಅವರೇ ಹೇಳಿದ್ದರು. ಕುಡಿಯುವ ನೀರು ಪರೀಕ್ಷೆ ಮಾಡಿದವರು ಏನೂ ತೊಂದರೆ ಇಲ್ಲ ಅಂದರೆಂದು ನಿನ್ನ ಮಾವ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅವರು ಸುಳ್ಳು ಹೇಳಿರಲಿಕ್ಕಿಲ್ಲ. ನೀರಿನಲ್ಲಿ ಅದು ಇದ್ದೂ ಇಲ್ಲದ ಹಾಗೆ ಇರುತ್ತದೆ. ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಸಣ್ಣ ಮೀನಿಗೆ ಹೋಗುತ್ತಾ ಹೋಗುತ್ತಾ ಕೂಡಿಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಮೀನಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಆ ದೊಡ್ಡ ಮೀನಿನ ತಲೆ ಬೆಕ್ಕಿಗೆ. ಪಾದರಸ ನರಕ್ಕೆ ಏರಿದರೆ ಹಾಗೇ ತೂರಾಡುವುದು. ಒಳ್ಳೆಯ ತುಂಡು ಯಾರಿಗೆ? ಬಸುರಿ ಹೆಂಗಸು ಚೆನ್ನಾಗಿ ತಿನ್ನಲಿ ಅಂತ ನಿನ್ನ ಅತ್ತೆ ದಿನಾ ನಿನ್ನ ತಟ್ಟೆಗೇ ಹಾಕುತ್ತಾರೆ. ಆ ಪ್ರೀತಿ ನೆನೆಸಿಕೊಂಡರೇ ಈಗ ನನಗೆ ಭಯವಾಗುತ್ತಿದೆ. ಸರಪಳಿ ನಿನ್ನಲ್ಲಿಗೂ ನಿಲ್ಲುವುದಿಲ್ಲ, ಇನ್ನೂ ಒಂದು ಕೊಂಡಿ ನಿನ್ನ ಹೊಟ್ಟೆಯೊಳಗಿದೆ. ಇದನ್ನು ಮಕ್ಕಳ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ.

ನನಗೆ ಖಾತ್ರಿ ಇಲ್ಲ. ಬೆಕ್ಕಿಗೆ ಬೇರೇನೋ ಕಾಯಿಲೆ ಇರಬಹುದು. ಹಾಗಾದರೆ ನನ್ನನ್ನು ಹುಚ್ಚಿ ಅಂತ ಬೈದುಬಿಡು, ಬೈಸಿಕೊಳ್ಳುತ್ತೇನೆ. ಆದರೆ ಖಾತ್ರಿ ಆಗುವವರೆಗೆ ಆ ಮೀನು ಮುಟ್ಟಬೇಡ. ಅತ್ತೆ ಕೇಳಿದರೆ ವಾಸನೆಗೇ ವಾಂತಿ ಬರುತ್ತೆ ಅಂದುಬಿಡು, ಬಸುರಿ ಹೇಳಿದರೆ ಯಾರೂ ಮರುಮಾತಾಡುವುದಿಲ್ಲ. ಬೇಳೆ, ಸೊಪ್ಪು, ಹಾಲು ತಿಂದುಕೊಂಡಿರು. ಸಣ್ಣ ಮೀನಾದರೆ ಪರವಾಗಿಲ್ಲವಾ ಅಂತ ಕೇಳಬೇಡ, ನಿನಗೆ ಅದೂ ಬೇಡ. ನಿನ್ನ ಗಂಡನಿಗೆ ಮಾತ್ರ ನಿಜ ಹೇಳು. ಅವನು ಮೊದಲು ರೇಗುತ್ತಾನೆ, ಆಮೇಲೆ ಬೆಕ್ಕನ್ನು ನೋಡುತ್ತಾನೆ. ಶನಿವಾರ ರಜೆ ಹಾಕಿ ನಾನೇ ಬರುತ್ತೇನೆ, ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸೋಣ. ಬೆರಳು ಜುಮ್ಮೆನ್ನುತ್ತದೆಯಾ, ಮಗು ಹೊಟ್ಟೆಯಲ್ಲಿ ಮೊದಲಿನಂತೆಯೇ ಆಡುತ್ತದೆಯಾ, ಮುಚ್ಚಿಡದೆ ಹೇಳಬೇಕು.

ಜವಾನ ಬೀಗ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಮೇಡಂಗೆ ಮನೆ ಇಲ್ವಾ ಅಂತ ಅವನ ಮುಖವೇ ಕೇಳುತ್ತಿದೆ. ಬೆಂಚಿನ ಕೆಳಗೆ ಇನ್ನೂ ಮಣಿಗಳು ಬಿದ್ದಿವೆ, ಬಗ್ಗಿ ಆರಿಸಲು ನನ್ನಿಂದ ಆಗುತ್ತಿಲ್ಲ. ನೀನು ಹೆದರಬೇಡ. ಈಗ ಬಿಟ್ಟರೂ ಮೈಯಿಂದ ನಿಧಾನವಾಗಿ ಕಡಿಮೆಯಾಗುತ್ತದಂತೆ. ನಿನ್ನ ಪಾಲಿನ ಹೆದರಿಕೆಯನ್ನೂ ನಾನೇ ಹೆದರುತ್ತಿದ್ದೇನೆ, ಸಾಕು.

ನಿನ್ನ ಪುಕ್ಕಲು ಅಕ್ಕ

ಮರೆತ ಮಾತು: ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀನು ಕಳಿಸಿದ್ದ ಒಣಮೀನು ಪೂರ್ತಿ ಖಾಲಿಯಾಗಿದೆ. ನಿನ್ನ ಭಾವನಿಗೂ ಒಂದು ಚೂರು ಉಳಿಸದೆ ನಾನೊಬ್ಬಳೇ ತಿಂದೆ, ಅಷ್ಟು ಬಯಕೆಯಾಗಿತ್ತು. ಹೌದು ಕಣೇ, ಇಷ್ಟು ವರ್ಷ ಕಾದ ಮೇಲೆ. ಅವರಿಗೂ ಇನ್ನೂ ಹೇಳಿಲ್ಲ. ಅದು ದೊಡ್ಡ ಮೀನಿನದಾ, ಸಣ್ಣದರದ್ದಾ, ನೆನಪು ಮಾಡಿಕೊಂಡಿರು, ಶನಿವಾರ ಬಂದಾಗ ಹೇಳು. ನನ್ನ ಸಮಾಧಾನಕ್ಕೆ ಸುಳ್ಳು ಮಾತ್ರ ಹೇಳಬೇಡ.