ರಸ್ತೆಗೆ ಇಟ್ಟ ರಸಮಟ್ಟ

ಮನೆ, ಹಿತ್ತಿಲ ಮೆಟ್ಟಿಲ ಮೇಲೆ ಕೂತು
ಭಾನುವಾರ, ಫೆಬ್ರವರಿ ೧೧

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿ ಹೇಗಿದೆ ಎಂದು ಮೊದಲೇ ಕೇಳಿದರೆ ನಿನಗೆ ಮೂಗಿನ ತುದಿಯಲ್ಲಿ ಸಿಟ್ಟು. ಆದ್ದರಿಂದ ಹೊಟ್ಟೆ, ಕಣ್ಣು, ನಿದ್ದೆ ಎಲ್ಲ ಹೇಗಿವೆ ಎಂದು ಕೇಳಿ, ಮಂಡಿಯನ್ನು ಆಮೇಲಕ್ಕೆ ಇಟ್ಟುಕೊಳ್ಳುತ್ತೇನೆ. ಅತ್ತಿಗೆಯ ಕೆಮ್ಮು ಹೋಯಿತೆ? ಮಗಳು, ಅಳಿಯ ಚೆನ್ನಾಗಿದ್ದಾರೆ ತಾನೆ? ನಾವಿಲ್ಲಿ ಆರಾಮ. ಫೋನಿರುವಾಗ ಇವನಿಗೇನು ಕಾಗದ ಬರೆಯುವ ಹುಚ್ಚು ಎಂದುಕೊಳ್ಳಬೇಡ. ಫೋನಿನಲ್ಲಿ ನೀನು 'ಹ್ಞೂ, ಊಟ ಆಯ್ತಾ, ತಗೋ ಅತ್ತಿಗೆ ಹತ್ರ ಮಾತಾಡು' ಎಂದು ಎರಡು ನಿಮಿಷಕ್ಕೆ ನನ್ನನ್ನು ದಾಟಿಸಿಬಿಡುತ್ತೀಯ. ಕಾಗದವನ್ನು ಹಾಗೆ ದಾಟಿಸಲು ಬರುವುದಿಲ್ಲ. ಹೋದ ತಿಂಗಳು ಅತ್ತಿಗೆ ಹೇಳಿದ ಮಾತು ಕೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಮಗಳ ಮನೆಗೆ ಹೋದ ಮೇಲೆ ನೀನು ಗೇಟು ದಾಟಿಯೇ ಇಲ್ಲವಂತೆ, ಒಂದು ವರ್ಷ ಎಂಟು ತಿಂಗಳಾಯಿತಂತೆ. 'ನನ್ನ ನಡಿಗೆ ಮುಗೀತು, ಇನ್ನು ಈ ಕುರ್ಚಿನೇ ಗತಿ' ಅಂದೆಯಂತೆ. ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯ ತನಕ ಓದು.

ಈಗ ಸುದ್ದಿ. ನಗಬೇಡ. ನಾನು ಓಡುತ್ತಿದ್ದೇನೆ. ಯಾರೂ ಅಟ್ಟಿಸಿಕೊಂಡು ಬಂದಿಲ್ಲ, ನಾನಾಗಿಯೇ ಬೆಳಿಗ್ಗೆ ಎದ್ದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಆಗಿದ್ದು ಇಷ್ಟು. ಹೊಸ ಆಸ್ಪತ್ರೆಯ ಕಟ್ಟಡದಲ್ಲಿ ಮೂರು ಮಹಡಿಯ ನೆಲ ಹಾಸುವ ಕೆಲಸ ಹಿಡಿದಿದ್ದೆ. ಒಂದು ಬೆಳಿಗ್ಗೆ ಬಸ್ಸು ಕಣ್ಣೆದುರೇ ಹೊರಟಿತು. ಹಿಂದೆ ಓಡಿದೆ, ಸಿಗಲಿಲ್ಲ. ಆದರೆ ಕಾಲು ನಿಲ್ಲಲಿಲ್ಲ, ಮುಂದಿನ ಸ್ಟಾಪಿನ ತನಕ ಹಾಗೇ ಓಡಿಬಿಟ್ಟೆ. ಏದುಸಿರು, ಬೆವರು, ಹೆಗಲಲ್ಲಿ ಊಟದ ಡಬ್ಬಿಯ ಕುಣಿತ. ಆದರೂ ಮೂವತ್ತು ವರ್ಷ ನೆಲವನ್ನು ಮಂಡಿಯಲ್ಲೇ ಕಂಡವನಿಗೆ ಅದರ ಮೇಲೆ ಹಾರುವುದೂ ಸಾಧ್ಯ ಎಂದು ಅಂದು ಗೊತ್ತಾಯಿತು. ಮರುದಿನದಿಂದ ಪಾರ್ಕಿನ ಗೋಡೆ ಸುತ್ತಿ ಬರುವ ರಸ್ತೆಯಲ್ಲಿ ದಿನಕ್ಕೆ ಎರಡು ಸುತ್ತು, ಆಮೇಲೆ ನಾಲ್ಕು. ನನ್ನವಳು, ನಿನ್ನ ನಾದಿನಿ, ಮಾತ್ರ 'ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ' ಎನ್ನುತ್ತಲೇ ಬಾಗಿಲಲ್ಲಿ ನಿಂತು ನೋಡುತ್ತಾಳೆ.

ಮೂರನೆಯ ತಿಂಗಳಿಗೆ ಎಡ ಮಂಡಿ ಹಿಡಿಯಿತು. ಹೊರಮಗ್ಗುಲಲ್ಲಿ ನೋವು, ಮೆಟ್ಟಿಲು ಇಳಿಯುವಾಗ ಜೀವ ಬಾಯಿಗೆ ಬರುತ್ತಿತ್ತು. ಅಣ್ಣಾ, ನಿಜ ಹೇಳುತ್ತೇನೆ, ಹೆದರಿದೆ. ಅಪ್ಪನ ಮಂಡಿ ಹೋಯಿತು, ನಿನ್ನದು ಹೋಯಿತು, ಈಗ ನನ್ನ ಸರದಿ, ನಮ್ಮ ಮನೆಯವರ ಮಂಡಿಯ ಹಣೆಬರಹವೇ ಇಷ್ಟು ಎಂದುಕೊಂಡೆ. ಮೊದಲು ತಪ್ಪನ್ನು ಕೆಲಸದ ಶೂ ಮೇಲೆ ಹಾಕಿದೆ. ಅದು ಸಿಮೆಂಟು ಕುಡಿದು ಹಲಗೆಯಾಗಿತ್ತು, ಹೆಬ್ಬೆರಳಿನ ಉಗುರೂ ಕಪ್ಪಾಗಿತ್ತು. ಅಂಗಡಿಗೆ ಹೋಗಿ ಎಂಟು ನಂಬರಿನ ಓಟದ ಶೂ ಕೊಡಿ ಎಂದೆ. ಅಲ್ಲಿನ ಹುಡುಗಿ ಕೊಡಲಿಲ್ಲ. 'ಸಂಜೆ ಬನ್ನಿ ಅಂಕಲ್, ದಿನವೆಲ್ಲ ನಿಂತ ಕಾಲು ಸ್ವಲ್ಪ ಊದಿರುತ್ತೆ, ಓಡುವಾಗ್ಲೂ ಹಾಗೇ ಊದುತ್ತೆ, ಆಗ ಅಳೆಯೋಣ' ಎಂದಳು. ಸಂಜೆ ಹೋದೆ. ಒಂದು ಅಳತೆ ಪಟ್ಟಿಯ ಮೇಲೆ ನಿಲ್ಲಿಸಿದಳು. ಒಂಬತ್ತೂವರೆ. ನಾನು ಮದುವೆಯ ದಿನದಿಂದ ಎಂಟೇ ಹಾಕಿಕೊಂಡು ಬಂದವನು. ವಯಸ್ಸಾದಂತೆ ಪಾದ ಹರಡುತ್ತದಂತೆ. ಒಂದು ಟೈಲು ಕತ್ತರಿಸುವ ಮುಂಚೆ ಗೋಡೆಯನ್ನು ಮೂರು ಸಲ ಅಳೆಯುವವನು ಇಪ್ಪತ್ತೈದು ವರ್ಷ ನನ್ನ ಕಾಲನ್ನೇ ಅಳೆದಿರಲಿಲ್ಲ ನೋಡು.

ನಾನು ಕಪ್ಪು ಬಣ್ಣದ್ದನ್ನೇ ಹಿಡಿದು ಕೂತಿದ್ದೆ. 'ಬಣ್ಣ ಬಿಡಿ, ಕಾಲು ಏನು ಹೇಳುತ್ತೆ ಕೇಳಿ' ಎಂದು ನಾಲ್ಕು ಜೊತೆ ತೊಡಿಸಿ ಅಂಗಡಿಯ ಉದ್ದಕ್ಕೂ ಓಡಿಸಿದಳು. ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು, ಹಿಮ್ಮಡಿ ಜಾರಬಾರದು, ತೊಟ್ಟ ಕ್ಷಣವೇ ಹಿತ ಅನ್ನಿಸಬೇಕು, 'ಆಮೇಲೆ ಸಡಿಲ ಆಗುತ್ತೆ' ಎಂಬ ಮಾತನ್ನು ನಂಬಬಾರದು. ಕೊನೆಗೆ ಕಾಲು ಒಪ್ಪಿದ್ದು ಗಿಳಿಹಸಿರು ಬಣ್ಣದ್ದನ್ನು. ತೊಟ್ಟುಕೊಂಡು ಮನೆಗೆ ಬಂದರೆ ನಿನ್ನ ನಾದಿನಿ ಮೇಲಿಂದ ಕೆಳಗೆ ನೋಡಿ 'ಒಳ್ಳೇದಾಯ್ತು, ಲಾರಿಯವ್ರಿಗೆ ದೂರದಿಂದಲೇ ಕಾಣುತ್ತೆ' ಎಂದಳು.

ಉಗುರು ವಾಸಿಯಾಯಿತು, ಮಂಡಿ ಆಗಲಿಲ್ಲ. ಆಸ್ಪತ್ರೆಯಲ್ಲಿ ನಾನು ನೆಲ ಹಾಸಿದ ಕೋಣೆಗೇ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಬಂದು ಕೂತಿದ್ದರು. ಅವರ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಮಂಡಿ. ಅದನ್ನು ಕೈಗೆ ಕೊಟ್ಟರು. ಅಣ್ಣಾ, ಒಳಗೆ ಏನೂ ಇಲ್ಲ. ಮೊಳೆಯಿಲ್ಲ, ಕೀಲುಕಡ್ಡಿಯಿಲ್ಲ. ಒಂದು ಮೂಳೆಯ ಮೇಲೆ ಇನ್ನೊಂದು ಸುಮ್ಮನೆ ಕೂತಿದೆ. ನಾಲ್ಕು ಹಗ್ಗ ಎಳೆದು ಹಿಡಿದಿವೆ, ನಡುವೆ ಎರಡು ಮೆತ್ತೆ, ಮುಂದೆ ಒಂದು ಚಿಪ್ಪು. ಇಷ್ಟರ ಮೇಲೆ ನಾವು ಮೂಟೆ ಹೊತ್ತಿದ್ದೇವೆ, ಊರಿನ ಅರ್ಧ ಮನೆಗಳ ನೆಲ ತೆವಳಿದ್ದೇವೆ. ನಾನು ಆ ಪ್ಲಾಸ್ಟಿಕ್ಕನ್ನು ಮಡಿಸುತ್ತ ಬಿಡಿಸುತ್ತ ಕೂತುಬಿಟ್ಟೆ, ಡಾಕ್ಟರಮ್ಮ ಎರಡು ಸಲ ಕರೆದರೂ ಕೇಳಿಸಲಿಲ್ಲ. ಇಷ್ಟು ನಾಜೂಕಿನ ಕೆಲಸ ನಾನು ಎಲ್ಲಿಯೂ ನೋಡಿಲ್ಲ.

ಆಮೇಲೆ ಅವರು ಕೇಳಿದರು, ಎಲ್ಲಿ ಓಡ್ತೀರಿ, ರಸ್ತೆ ಸಮ ಇದೆಯಾ ಎಂದು. ನನಗೆ ಅವಮಾನವೇ ಆಯಿತು. 'ಡಾಕ್ಟ್ರೇ, ಮೂವತ್ತು ವರ್ಷದಿಂದ ನೆಲ ಹಾಸೋನು ನಾನು, ಸಮ ಯಾವ್ದು ಅಂತ ಕಣ್ಣಳತೆಗೇ ಗೊತ್ತಾಗುತ್ತೆ' ಎಂದೆ. ಹಾಗೆಂದು ಬಂದೆನಾದರೂ ತಲೆಯಲ್ಲಿ ಹುಳ ಹೊಕ್ಕಿತ್ತು. ಮರುದಿನ ಬೆಳಿಗ್ಗೆ ರಸಮಟ್ಟ ಹಿಡಿದುಕೊಂಡೇ ಹೋದೆ. ನಾನು ಓಡುವ ಅಂಚಿನಲ್ಲಿ ಗೋಡೆಗೆ ಅಡ್ಡಲಾಗಿ ಇಟ್ಟೆ. ಅದರ ಗಾಜಿನೊಳಗಿನ ಗುಳ್ಳೆ ಸರ್ರನೆ ಎತ್ತರಕ್ಕೆ, ರಸ್ತೆಯ ನಡುವಿನ ಕಡೆಗೆ ಓಡಿತು. ವಾಟ. ನೀರು ಚರಂಡಿಗೆ ಹರಿಯಲೆಂದು ಅಂಚಿಗೆ ಕೊಟ್ಟ ಇಳಿಜಾರು. ಪ್ರತಿ ಬಚ್ಚಲಿಗೂ ನಾವು ಕೊಡುವ ಅದೇ ವಾಟ. ನೀನು ಒಂದು ಚೊಂಬು ನೀರು ಸುರಿದು, ಅದು ತಾನಾಗಿ ತೂತು ಹುಡುಕಿಕೊಂಡು ಹೋಗುವ ತನಕ ಎದ್ದು ನಿಲ್ಲುತ್ತಿರಲಿಲ್ಲವಲ್ಲ, ಅದೇ. ದಿನಾ ಗೋಡೆಯನ್ನು ಎಡಕ್ಕೆ ಇಟ್ಟುಕೊಂಡೇ ಸುತ್ತಿದ್ದರಿಂದ ನನ್ನ ಎಡಗಾಲು ಮೂರು ತಿಂಗಳಿಂದ ತಗ್ಗಿನಲ್ಲೇ ಬಿದ್ದು ಏಳುತ್ತಿತ್ತು. ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದವನಿಗೆ ನಗು ಬಂತು. ಅಷ್ಟರಲ್ಲಿ ಒಬ್ಬ ಹಿರಿಯರು ನಿಂತು 'ನಗರಸಭೆಯವರಾ? ನಮ್ಮ ಬೀದಿ ಗುಂಡಿ ಯಾವಾಗ ಮುಚ್ತೀರಿ?' ಎಂದು ಗದರಿದರು.

ಈಗ ಗೋಡೆಯನ್ನು ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಇಟ್ಟುಕೊಂಡು ಸುತ್ತುತ್ತೇನೆ. ಎರಡು ದಿನ ಓಡಿ ಒಂದು ದಿನ ಬಿಡುತ್ತೇನೆ. ಕುರ್ಚಿಯಲ್ಲಿ ಕೂತು ಕಾಲು ನೀಟಿ ಹತ್ತು ಎಣಿಸುವ ವ್ಯಾಯಾಮ ಬೆಳಿಗ್ಗೆ ಸಂಜೆ. ತೊಡೆ ಗಟ್ಟಿಯಾದರೆ ಮಂಡಿಯ ಭಾರ ಅರ್ಧ ಅದೇ ಹೊರುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಾರೆ. ಆರು ವಾರವಾಯಿತು. ನೋವು ಪೂರ್ತಿ ಹೋಗಿಲ್ಲ, ಆದರೆ ಹೇಳಿದ ಮಾತು ಕೇಳುತ್ತದೆ. ದಿಕ್ಕು ಬದಲಿಸಿ ಓಡಿದ ಮೊದಲ ದಿನ ಅದೇ ರಸ್ತೆ ನನಗೆ ಗುರುತೇ ಸಿಗಲಿಲ್ಲ. ಮನೆಗಳಿಲ್ಲದ ಬಯಲಿನ ಬದಿಯಲ್ಲಿ, ಬೆನ್ನ ಹಿಂದೆ ಹುಟ್ಟುತ್ತಿದ್ದ ಸೂರ್ಯ ಮುಖಕ್ಕೆ ಎದುರಾಗಿ ಹುಟ್ಟಿದ. ಗೋಡೆ, ಮರ, ನನ್ನ ಕೈ, ಎಲ್ಲ ಕೆಂಪು. ನಿಂತುಬಿಟ್ಟೆ. ಇಷ್ಟು ದಿನ ಇದಕ್ಕೆ ಬೆನ್ನು ಕೊಟ್ಟು ಓಡಿದೆನಲ್ಲ ಎನ್ನಿಸಿತು.

ಆಗ ಹೊಳೆದದ್ದನ್ನು ಹೇಳಿಬಿಡುತ್ತೇನೆ, ಎದುರಿಗೆ ನೀನಿದ್ದರೆ ಹೇಳಲಾಗುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಹತ್ತಿರ ಗೋಣಿಯ ಮಂಡಿಮೆತ್ತೆ ಇದ್ದದ್ದು ಒಂದೇ ಜೊತೆ. ಅದನ್ನು ನನಗೆ ಕಟ್ಟಿದವನು ನೀನು. 'ನಂದು ಕಲ್ಲು ಕಣೋ, ನಿಂದು ಇನ್ನೂ ಹಸಿ' ಅಂದೆ. ಮೂಲೆ, ಬಚ್ಚಲು, ಮೆಟ್ಟಿಲು, ಬರಿ ಮಂಡಿಯಲ್ಲಿ ತೆವಳಬೇಕಾದ್ದೆಲ್ಲ ನೀನು ಮಾಡಿದೆ. ಮೆತ್ತೆ ಕಟ್ಟಿಕೊಂಡು ಬಯಲು ನೆಲ ಹಾಸುವುದು, ನಿಂತು ಕತ್ತರಿಸುವುದು, ಕಲಸುವುದು ನನಗೆ. ಹನ್ನೊಂದು ವರ್ಷ. ನಾನು ಅದನ್ನು ನನ್ನ ಕೈಚಳಕಕ್ಕೆ ಸಿಕ್ಕ ಮರ್ಯಾದೆ ಎಂದುಕೊಂಡಿದ್ದೆ, ದಡ್ಡ. ಈಗ ಓಡುತ್ತಿರುವ ಈ ಮಂಡಿ ನೀನು ಉಳಿಸಿಕೊಟ್ಟದ್ದು. ನಿನ್ನ ವಿಷಯ ಡಾಕ್ಟರಮ್ಮನನ್ನು ಕೇಳಿದೆ. 'ನೋಡದೆ ಏನೂ ಹೇಳಲ್ಲ, ಕರ್ಕೊಂಡು ಬನ್ನಿ. ಆದರೆ ಸವೆದ ಮಂಡಿಗೂ ನಡಿಗೆ ಬೇಕು, ಕೂತಷ್ಟೂ ತೊಡೆ ಸೊರಗುತ್ತೆ' ಎಂದರು. ಕುರ್ಚಿಯೇ ಗತಿ ಎಂದು ಅವರು ಹೇಳಲಿಲ್ಲ ಅಣ್ಣಾ. ಅದನ್ನು ಹೇಳಿದವನು ನೀನೊಬ್ಬನೇ.

ಅತ್ತಿಗೆಗೆ ನನ್ನ ನಮಸ್ಕಾರ, ಮಗಳಿಗೂ ಅಳಿಯನಿಗೂ ಆಶೀರ್ವಾದ. ನಿನ್ನ ಕಾಲಿಗೆ ಬೀಳುತ್ತೇನೆ, ಈ ಸಲ ಅದು ಬರೀ ಬಾಯಿಮಾತಲ್ಲ.

ನಿನ್ನ ತಮ್ಮ,
ಚೋಟು

ಮರೆತಿದ್ದೆ: ಕಾಗದದ ಜೊತೆ ಬಂದ ಡಬ್ಬದಲ್ಲಿರುವುದು ತಿಂಡಿಯಲ್ಲ, ಶೂ. ಗಿಳಿಹಸಿರೇ, ಬೈದುಕೋ. ಅತ್ತಿಗೆಯ ಬಾಯಲ್ಲಿ ಗುಟ್ಟು ನಿಲ್ಲದು ಎಂದು ಅಳತೆಯನ್ನು ಅವರಿಂದ ತರಿಸಲಿಲ್ಲ. ಹಿತ್ತಿಲ ನೆಲದಿಂದ ತೆಗೆದುಕೊಂಡೆ. ನನಗೆ ಹತ್ತು, ನಿನಗೆ ಹದಿನೇಳು, ಅಪ್ಪ ಆಗತಾನೇ ಸಿಮೆಂಟು ಹಾಕಿದ್ದರು, ನಾನು ಹತ್ತಿದ್ದ ಏಣಿ ಜಾರಿತು, ನೀನು ಹಸಿ ನೆಲದ ಮೇಲೇ ಓಡಿ ಬಂದು ಹಿಡಿದೆ. ಅಪ್ಪ ಬೈಯುತ್ತ ಹೆಜ್ಜೆ ಅಳಿಸಲು ಕರಣೆ ಎತ್ತಿದವರು ಆಮೇಲೆ ಅದನ್ನು ಕೆಳಗಿಟ್ಟು 'ಇರಲಿ ಬಿಡು' ಎಂದರಲ್ಲ, ಆ ಐದು ಹೆಜ್ಜೆ ಇನ್ನೂ ಇವೆ. ಮೊದಲ ನಾಲ್ಕರಲ್ಲಿ ಮುಂಗಾಲು ಮಾತ್ರ, ಹಿಮ್ಮಡಿಯೇ ಇಲ್ಲ. ಐದನೆಯದು ಪೂರ್ತಿ ಪಾದ, ನನ್ನನ್ನು ಹಿಡಿದ ಭಾರಕ್ಕೆ ಒಂದು ಬೆರಳು ಆಳ, ಅದರಲ್ಲಿ ನಾವಿಬ್ಬರೂ ಇದ್ದೇವೆ. ಅದನ್ನೇ ಅಳೆದೆ. ವಯಸ್ಸಿಗೆಂದು ಅಂಗಡಿಯ ಹುಡುಗಿ ಒಂದು ನಂಬರು ದೊಡ್ಡದು ಕೊಟ್ಟಿದ್ದಾಳೆ. ಬಾಗಿಲಿಂದ ಏಣಿಯ ತನಕ ನೀನು ಓಡಿದ್ದು ಹದಿನಾಲ್ಕು ಅಡಿ. ನಿನ್ನ ಕುರ್ಚಿಯಿಂದ ಗೇಟಿಗೆ ಹದಿನಾರು, ಯಾಕೆಂದು ಹೇಳದೆ ಅತ್ತಿಗೆಯಿಂದ ಅಳೆಸಿದೆ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ತಿರ ಇರುತ್ತೇನೆ. ಹದಿನಾಲ್ಕು ಅಡಿ ನೀನು ಬಾ. ಮಿಕ್ಕ ಎರಡಕ್ಕೆ ನಾನು ಬಂದು ಹಿಡಿದುಕೊಳ್ಳುತ್ತೇನೆ.